ನೂಲಿಗೆ ತಾಗಿದರೆ ಔಟ್

ನಮ್ಮೂರ ಮೈದಾನದಲ್ಲಿ ನಾನು ಮೊದಲ ಸಲ ನೋಡಿದ ಕ್ರಿಕೆಟ್ ಪಂದ್ಯದ ಬಗ್ಗೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ರಬಕವಿ ಕಡೆಯ ಬೇವಿನ ಮರದ ಕೆಳಗೆ, ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕುಳಿತಿದ್ದೇನೆ. ಇನ್ನೊಂದರಲ್ಲಿ ಬನಹಟ್ಟಿ ಕಡೆಯ ಕಲ್ಲಿನ ಮೆಟ್ಟಿಲ ಮೇಲೆ ಕುಳಿತು ಚುರಮುರಿ ತಿನ್ನುತ್ತಿದ್ದೇನೆ. ಎರಡರಲ್ಲೂ ಅದೇ ಪಂದ್ಯ, ಅದೇ ಬೌಲರ್, ಅದೇ ಧೂಳು. ಒಬ್ಬನೇ ಮನುಷ್ಯ ಒಂದೇ ಪಂದ್ಯವನ್ನು ಎರಡು ತುದಿಗಳಿಂದ ನೋಡುವುದು ಸಾಧ್ಯವಿಲ್ಲ ಎಂಬುದು ಹಾಗಿರಲಿ, ಆ ಕಲ್ಲಿನ ಮೆಟ್ಟಿಲುಗಳನ್ನು ಕಟ್ಟಿದ್ದು ನಾನು ಕಾಲೇಜು ಮುಗಿಸಿದ ಮೇಲೆ. ಅಂದರೆ ಇನ್ನೂ ಹುಟ್ಟದ ಮೆಟ್ಟಿಲ ಮೇಲೆ ಕುಳಿತು ಚುರಮುರಿ ತಿಂದವನು ನಾನು. ರುಚಿ ಮಾತ್ರ ಇವತ್ತಿಗೂ ನಾಲಿಗೆಯ ಮೇಲಿದೆ. ಈರುಳ್ಳಿ ತುಸು ಹೆಚ್ಚಾಗಿತ್ತು.

ಧಾರವಾಡದಲ್ಲಿ ಇತಿಹಾಸ ಓದುವಾಗ ನಮಗೆ ಮೊದಲು ಕಲಿಸಿದ್ದು ಅನುಮಾನಪಡುವುದನ್ನು. ಶಾಸನ ಸಿಕ್ಕರೆ ಅದನ್ನು ಅನುಮಾನಿಸಬೇಕು, ಕೆತ್ತಿಸಿದವನನ್ನು ಇನ್ನೂ ಹೆಚ್ಚು ಅನುಮಾನಿಸಬೇಕು, ಕಣ್ಣಾರೆ ಕಂಡೆ ಎಂದು ಹೇಳಿಕೊಂಡು ಬಂದವನಿಗೆ ಚಹಾ ಕೊಟ್ಟು ಕಳಿಸಿಬಿಡಬೇಕು. ಉಳಿದ ಪಾಠಗಳನ್ನೆಲ್ಲ ಪರೀಕ್ಷೆಯ ಮರುದಿನವೇ ಮರೆತೆ. ಇದೊಂದು ಮೈಗೆ ಹತ್ತಿಬಿಟ್ಟಿತು. "ನಿನ್ನಿ ಏನ್ ಉಂಡ್ರಿ ಅನ್ನೂದರ ನೆನಪೈತಿಲ್ಲ?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ನೆನಪಿದೆ, ಆದರೆ ಪುರಾವೆ ಇಲ್ಲದೆ ಹೇಳುವುದು ಸರಿಯಲ್ಲ ಎನ್ನುತ್ತೇನೆ. ಅವಳು ನಾನು ತೊಳೆಯದೆ ಬಿಟ್ಟ ತಟ್ಟೆಯನ್ನು ತೋರಿಸುತ್ತಾಳೆ.

ಇಂಥವನನ್ನು ಈ ವರ್ಷ ಸಾಕ್ಷಿ ಹೇಳಲು ಕರೆದರು.

ಕರೆದವನು ಈರಣ್ಣ. ಶಾಲೆಯಲ್ಲಿ ನನ್ನ ಬೆಂಚಿನವನು, ಒಂದು ಕಾಲಕ್ಕೆ ಊರಿನ ವೇಗದ ಬೌಲರ್, ಈಗ ಪವರ್‌ಲೂಮ್‌ಗಳ ಮಾಲೀಕ ಮತ್ತು ಮೈದಾನದ ಕಮಿಟಿಗೆ ಅಧ್ಯಕ್ಷ. ರಬಕವಿಗೂ ಬನಹಟ್ಟಿಗೂ ನಡುವೆ ಬಿದ್ದುಕೊಂಡಿದ್ದ ನಮ್ಮ ಮೈದಾನಕ್ಕೆ ಅವನು ಸುತ್ತಲೂ ಗೋಡೆ ಎಬ್ಬಿಸಿದ, ಕಬ್ಬಿಣದ ಗೇಟು ಇಡಿಸಿದ, ಪಿಚ್ಚಿಗೆ ಎಲ್ಲಿಂದಲೋ ಮಣ್ಣು ತರಿಸಿದ. ಅಲ್ಲಿಯವರೆಗೆ ಯಾರ ತಕರಾರೂ ಇರಲಿಲ್ಲ. ಆಮೇಲೆ ಗೇಟಿಗೆ ಬೀಗ ಹಾಕುವ ಮಾತು ಬಂತು. ಇನ್ನು ಮೇಲೆ ಇದು ಕ್ರಿಕೆಟ್ಟಿಗೆ ಮಾತ್ರ. ಪಂದ್ಯವಿದ್ದಾಗ ತೆರೆಯುವುದು, ಇಲ್ಲದಾಗ ಮುಚ್ಚುವುದು.

"ಲೇ, ನೀ ಇತಿಹಾಸ ಓದಿದಾಂವ," ಎಂದ ಈರಣ್ಣ. "ಗೇಟಿನ ಕಲ್ಲಿಗೆ ನಾಕು ಸಾಲು ಬರದು ಕೊಡು. ಇದು ಮೊದಲಿಂದ ಕ್ರಿಕೆಟ್ ಮೈದಾನ ಅಂತ. ನೀ ಬರದ್ರ ಯಾರೂ ಎದುರಾಡೂದಿಲ್ಲ."

"ಮೊದಲಿಂದ ಅಂದ್ರ ಯಾವಾಗಿಂದ?"

"ನಾವು ಸಣ್ಣವರಿದ್ದಾಗಿಂದ. ಅದರ ಹಿಂದ ಏನಿತ್ತಪಾ, ಇತಿಹಾಸ?"

ನಾನು ಬರೆದುಕೊಡಲಿಲ್ಲ. ಮೊದಲ ಕಾರಣ, ನಾವು ಸಣ್ಣವರಿದ್ದಾಗ ಅಲ್ಲಿ ಏನಿತ್ತು ಎಂಬುದು ನನಗೇ ಸರಿಯಾಗಿ ಗೊತ್ತಿಲ್ಲ. ಎರಡನೆಯ ಕಾರಣ ಶಾಂತಾ ಕಾಕು.

ಶಾಂತಾ ಕಾಕು ನಮ್ಮ ಓಣಿಯ ಹಿರಿಯಳು. ನಮಗೆ ಸಂಬಂಧವಿಲ್ಲ. ನಮ್ಮ ಕಡೆ ಒಬ್ಬ ಹೆಂಗಸು ಕಾಕು ಆಗುವುದಕ್ಕೆ ರಕ್ತಸಂಬಂಧ ಬೇಕಾಗಿಲ್ಲ, ಸಣ್ಣವರಿದ್ದಾಗ ಒಮ್ಮೆ ಬೈದಿದ್ದರೆ ಸಾಕು. ಓಣಿಯಲ್ಲಿ ಉಳಿದಿರುವ ಕೈಮಗ್ಗ ಆಕೆಯದೊಂದೇ. ಸೀರೆಯ ಉದ್ದಕ್ಕೆ ಹೋಗುವ ನೂಲಿಗೆ ನೇಕಾರರು ಹಾಸು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮೊದಲು ಆ ಹಾಸನ್ನು ಬಯಲಲ್ಲಿ ಸೊಂಟದ ಎತ್ತರಕ್ಕೆ ಬಿಗಿಯಾಗಿ ಎಳೆದು ಕಟ್ಟಿ, ಗಂಜಿ ಬಳಿದು, ಕುಂಚದಿಂದ ತೀಡಿ ಒಣಗಿಸಬೇಕು. ಗಂಜಿ ಕುಡಿಯದ ನೂಲು ಮಗ್ಗದ ಏಟು ತಾಳುವುದಿಲ್ಲ. ಹಿಂದೆ ಓಣಿಯಲ್ಲೂ ಕಟ್ಟುತ್ತಿದ್ದರು. ಈಗ ಓಣಿಯ ತುಂಬ ಬೈಕು, ಕಾರು, ನೀರಿನ ಟ್ಯಾಂಕು. ಅಷ್ಟುದ್ದದ ಖುಲ್ಲಾ ಜಾಗ ಅಂತ ಉಳಿದದ್ದು ಮೈದಾನ ಒಂದೇ. ಅದಕ್ಕೆ ಬೀಗ ಬಿದ್ದರೆ ಕಾಕುವಿನ ಮಗ್ಗ ನಿಲ್ಲುತ್ತದೆ. ಇಷ್ಟೇ ವಿಷಯ.

"ಮಗ್ಗ ನಿಂತ್ರ ನಾ ಏನ್ ಮಾಡ್ಲಿ, ಟಿವಿ ನೋಡ್ಲ್ಯಾ?" ಎಂದು ಆಕೆ ನನ್ನನ್ನು ಕೇಳಿದಳು, ಬೀಗ ಹಾಕುವವನು ನಾನೇ ಎಂಬಂತೆ. "ನಮ್ಮ ಸೊಸಿ ಇಡೀ ದಿನ ನೋಡತಾಳ. ಮನಿಗೆ ಒಬ್ಬರು ಸಾಕು."

ಈರಣ್ಣನ ವಾದ ಏನೆಂದರೆ, ಸ್ಟೇಡಿಯಂ ಅಂದ ಮೇಲೆ ಅದಕ್ಕೊಂದು ಶಿಸ್ತು ಬೇಕು. ನಾನು ಓದಿದವನಾದ್ದರಿಂದ ಆ ಶಬ್ದದ ಬೆನ್ನು ಹತ್ತಿದೆ. ಸ್ಟೇಡಿಯಂ ಗ್ರೀಕರಿಂದ ಬಂದ ಮಾತು. ಅವರಲ್ಲಿ ಅದು ಮೊದಲು ಒಂದು ಅಳತೆ, ಇಂತಿಷ್ಟು ಉದ್ದ ಎಂದು. ಆ ಉದ್ದವನ್ನು ಓಡುವ ಪಂದ್ಯಕ್ಕೆ ಅದೇ ಹೆಸರಾಯಿತು. ಆಮೇಲೆ ಓಡುವ ಜಾಗಕ್ಕೆ. ಕೊನೆಗೆ ಕುಳಿತು ನೋಡುವವರ ಕಟ್ಟಡಕ್ಕೆ. ಗೋಡೆ, ಗೇಟು, ಮೆಟ್ಟಿಲು ಎಲ್ಲ ತಡವಾಗಿ ಬಂದ ನೆಂಟರು. ಮೊದಲು ಇದ್ದದ್ದು ಬರೀ ಉದ್ದ. ಈ ಲೆಕ್ಕದಲ್ಲಿ ನಮ್ಮ ಮೈದಾನವನ್ನು ಅದರ ಮೂಲ ಅರ್ಥದಲ್ಲಿ ಬಳಸುತ್ತಿರುವವಳು ಕಾಕು ಒಬ್ಬಳೇ ಎಂದು ನನಗೆ ಬಹಳ ಸಂತೋಷವಾಗಿ ಆಕೆಗೆ ಹೇಳಿದೆ.

"ಅವರು ಯಾವ ಊರವರು, ಗ್ರೀಕರು?"

"ಸಮುದ್ರದ ಆಚಿ ದಂಡಿಯವರು."

"ಅವರೂ ಬಯಲಾಗ ಹಾಸು ಕಟ್ಟತಿದ್ರು?"

"ನೇಯ್ತಿದ್ರು."

"ಮತ್ತ ಕಟ್ಟದ ನೇಯೂದು ಹೆಂಗ, ಹುಚ್ಚ್ ಮಾಸ್ತರ?"

ಗ್ರೀಕರ ಮಗ್ಗ ನೆಟ್ಟಗೆ ನಿಂತಿರುತ್ತಿತ್ತು, ನೂಲಿನ ತುದಿಗೆ ಕಲ್ಲು ಕಟ್ಟಿ ಇಳಿಬಿಡುತ್ತಿದ್ದರು ಎಂದು ಎಲ್ಲೋ ಓದಿದ್ದೆ. ಹೇಳಲಿಲ್ಲ. ನನ್ನ ಪಕ್ಷದವರನ್ನೇ ತಿದ್ದುವುದು ಒಳ್ಳೆಯದಲ್ಲ.

ಇನ್ನು ಶಿಸ್ತಿನ ಮಾತು. ನಮ್ಮ ಮೈದಾನಕ್ಕೆ ಶಿಸ್ತಿಲ್ಲ ಎನ್ನುವವರು ಅದು ಎಷ್ಟು ಕೆಲಸ ಮಾಡಿದೆ ಎಂದು ನೋಡಿಲ್ಲ. ಚುನಾವಣೆ ಬಂದರೆ ಇಲ್ಲಿ ಹೆಲಿಕಾಪ್ಟರ್ ಇಳಿಯುತ್ತದೆ. ಪಿಚ್ಚಿನ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಎಚ್ ಬರೆಯುತ್ತಾರೆ. ಸರ್ಕಾರ ಬಂದು ಕುಳಿತ ಮೇಲೂ ಸುಣ್ಣ ಹೋಗುವುದಿಲ್ಲ, ನಮ್ಮ ಬ್ಯಾಟ್ಸ್‌ಮನ್‌ಗಳು ಆ ಎಚ್‌ನ ಅಡ್ಡಗೆರೆಯನ್ನೇ ಕ್ರೀಸ್ ಮಾಡಿಕೊಂಡು ಆಡುತ್ತಿರುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ಬೌಂಡರಿಗುಂಟ ನಿಲ್ಲುತ್ತವೆ, ಫೀಲ್ಡರುಗಳು ಕಬ್ಬಿನ ಗಳ ಎಳೆದು ಸಿಗಿಯುತ್ತ ಕ್ಯಾಚು ಬಿಡುತ್ತಾರೆ. ಕುಸ್ತಿ ಇದ್ದಾಗ ಇದೇ ಅಖಾಡ. ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗಿಯರು ಇಲ್ಲೇ ಓಡುತ್ತಾರೆ, ಶಾಲೆಯ ಅಕ್ಕೋರು ಸ್ಕೂಟರ್ ಕಲಿಯುತ್ತ ಇಲ್ಲೇ ಎಂಟರ ಆಕಾರ ಹಾಕಿ ಏಳರಲ್ಲಿ ಬೀಳುತ್ತಾರೆ. ಕೃಷ್ಣೆ ಉಕ್ಕಿದ ವರ್ಷ ಹೊಳೆದಂಡೆಯ ಹಳ್ಳಿಗಳ ಜನ ದನಕರು ಕಟ್ಟಿಕೊಂಡು ಇಲ್ಲಿಗೆ ಬಂದರು. ಮೆಟ್ಟಿಲ ಮೇಲೆ ಒಲೆ ಹೊತ್ತಿದವು, ಸ್ಕೋರ್‌ಬೋರ್ಡಿನ ಕಂಬಕ್ಕೆ ಎಮ್ಮೆ ಕಟ್ಟಿದ್ದರು. ಅವತ್ತು ಬೀಗ ಇದ್ದಿದ್ದರೆ ಕೀಲಿ ಯಾರ ಮನೆಯಲ್ಲಿ ಇರುತ್ತಿತ್ತು, ಅವರು ಯಾವ ಊರಿನ ಮದುವೆಗೆ ಹೋಗಿರುತ್ತಿದ್ದರು ಎಂದು ನಾನು ಈರಣ್ಣನನ್ನು ಕೇಳಿದೆ. "ಹಂಗ ಕೇಳಬ್ಯಾಡಲೇ," ಎಂದ.

ಮುಧೋಳದ ತಂಡದ ಜೊತೆ ಒಮ್ಮೆ ಅವರ ಊರಿನ ಬೇಟೆನಾಯಿಯೂ ಬಂದಿತ್ತು. ಅದು ಚೆಂಡಿನ ಬೆನ್ನು ಹತ್ತಿ ಓಡಿದ ಓಟವನ್ನು ಆಮೇಲೆ ಯಾವ ಫೀಲ್ಡರನಲ್ಲೂ ನಾವು ಕಾಣಲಿಲ್ಲ. ತೊಂದರೆ ಏನೆಂದರೆ ಅದು ಚೆಂಡನ್ನು ವಿಕೆಟ್ ಕೀಪರನಿಗೆ ಕೊಡದೆ ಮಾಲೀಕನಿಗೇ ಕೊಡುತ್ತಿತ್ತು, ಮಾಲೀಕ ಪಾನಬೀಡಾ ಅಂಗಡಿಯ ಮುಂದೆ ನಿಂತಿದ್ದ. ಬೀಳಗಿಯವರು ಈ ಕಥೆಯನ್ನು ತಮ್ಮ ಮೈದಾನದ್ದು ಎನ್ನುತ್ತಾರೆ. ಇರಬಹುದು. ನನ್ನ ನೆನಪಿನ ಮೇಲೆ ನಾನು ಪಣ ಕಟ್ಟುವುದಿಲ್ಲ.

ಆದರೆ ಒಂದು ಸಂಗತಿಯ ಮೇಲೆ ಕಟ್ಟುತ್ತೇನೆ, ಏಕೆಂದರೆ ಅದು ನೆನಪಲ್ಲ, ನಿಯಮ. ಈ ಮೈದಾನದಲ್ಲಿ ಆಡಿ ಬೆಳೆದವರಿಗೆಲ್ಲ ಗೊತ್ತಿರುವ ನಿಯಮ: ನೂಲಿಗೆ ತಾಗಿದರೆ ಔಟ್. ಹಾಸು ಕಟ್ಟಿದ ದಿನ ಚೆಂಡು ಎಷ್ಟೇ ಚೆನ್ನಾಗಿ ಹೋಗಲಿ, ನೂಲನ್ನು ಮುಟ್ಟಿತೆಂದರೆ ಹೊಡೆದವನು ಬ್ಯಾಟು ಕೊಟ್ಟು ನಡೆಯಬೇಕು. ಎಳೆ ಕಡಿದಿದ್ದರೆ ಗಂಟು ಹಾಕಿ ನಡೆಯಬೇಕು. ಇದು ನಮ್ಮ ಮೈಯಲ್ಲಿ ಎಷ್ಟು ಇಳಿದಿತ್ತೆಂದರೆ, ಮೊದಲ ಸಲ ದೊಡ್ಡ ಟೂರ್ನಮೆಂಟ್ ನಡೆದು ಬೆಳಗಾವಿ ಕಡೆಯಿಂದ ಅಂಪೈರ್ ಬಂದು ಸುತ್ತಲೂ ಬಿಳಿ ಹಗ್ಗ ಹಾಸಿದಾಗ, ನಮ್ಮ ಆಟಗಾರನೊಬ್ಬ ಚೆಂದದ ಕವರ್ ಡ್ರೈವ್ ಹೊಡೆದ, ಚೆಂಡು ಹಗ್ಗಕ್ಕೆ ತಾಗಿತು, ಅವನು ಬ್ಯಾಟು ಕಂಕುಳಲ್ಲಿಟ್ಟುಕೊಂಡು ಹೊರಗೆ ನಡೆದುಬಿಟ್ಟ. ಅಂಪೈರ್ ನಾಲ್ಕು ರನ್ ಎಂದು ಕೈ ಬೀಸುತ್ತಲೇ ಇದ್ದ. "ಹಗ್ಗಕ್ಕ ತಾಗೇತ್ರಿ," ಎಂದು ನಮ್ಮವನು ಅವನಿಗೇ ತಿಳಿಸಿ ಹೇಳಿದನಂತೆ. ಹೋದವನು ಬನಹಟ್ಟಿಯವನು ಎಂದು ರಬಕವಿಯವರು, ರಬಕವಿಯವನು ಎಂದು ಬನಹಟ್ಟಿಯವರು. ನನ್ನ ನೆನಪಿನಲ್ಲಿ ಅವನು ಈರಣ್ಣ. ಈರಣ್ಣನ ನೆನಪಿನಲ್ಲಿ ಅವನು ನಾನು.

ಯಾರಾದರೂ ಆಗಲಿ. ನಾನು ಹೇಳುವುದು ಇಷ್ಟು: ಮೈದಾನ ಮೊದಲಿನಿಂದ ಕ್ರಿಕೆಟ್ಟಿನದಾಗಿದ್ದರೆ ನಿಯಮ ಉಲ್ಟಾ ಇರುತ್ತಿತ್ತು. ಚೆಂಡಿಗೆ ಅಡ್ಡ ಬಂದ ನೂಲನ್ನು ಎತ್ತಿಸುತ್ತಿದ್ದರು. ಇಲ್ಲಿ ತಪ್ಪು ಯಾವಾಗಲೂ ಚೆಂಡಿನದು. ಮನೆಗೆ ಬಂದವನು ಮನೆಯವರ ಕಾಲು ತುಳಿದರೆ ತಾನೇ ಹಿಂದೆ ಸರಿಯುವ ಹಾಗೆ ಕ್ರಿಕೆಟ್ ಇಲ್ಲಿ ಹಿಂದೆ ಸರಿಯುತ್ತಿತ್ತು. ಮನುಷ್ಯನ ನೆನಪು ತನಗೆ ಬೇಕಾದ ಮೆಟ್ಟಿಲು ಕಟ್ಟಿಕೊಳ್ಳುತ್ತದೆ. ನಿಯಮಕ್ಕೆ ಹಾಗೆ ಮಾಡುವ ದರ್ದು ಇಲ್ಲ.

ಇದನ್ನು ಕಮಿಟಿಯ ಸಭೆಯಲ್ಲಿ ಸಾಕಷ್ಟು ಗಂಭೀರವಾಗಿ ಮಂಡಿಸಿದೆ. ನಕ್ಕರು. ನಗುವುದರಲ್ಲಿ ತಪ್ಪಿಲ್ಲ, ನಾನು ಮಾತಾಡುವಾಗ ನನ್ನ ವಿದ್ಯಾರ್ಥಿಗಳೂ ನಗುತ್ತಾರೆ. ನಕ್ಕು ಮುಗಿದ ಮೇಲೆ ಈರಣ್ಣ ಕೇಳಿದ: "ನೀ ಸಣ್ಣವ ಇದ್ದಾಗ ಹಾಸು ಕಟ್ಟಿದ್ದು ಕಣ್ಣಾರೆ ನೋಡೀದಿ?"

"ನೋಡಿದ ನೆನಪೈತಿ."

"ಖಾತ್ರಿ?"

ನಾನು ಒಂದು ಗಳಿಗೆ ತಡೆದೆ. ಅಷ್ಟೇ ಸಾಕಾಯಿತು.

"ನಿನಗ ನಿನ್ನ ನೆನಪಿನ ಮ್ಯಾಲೆ ನಂಬಿಗಿ ಇಲ್ಲ," ಎಂದ ಈರಣ್ಣ, ಬಹಳ ಮೆತ್ತಗೆ. "ನಮಗ ಯಾಕ ಇರಬೇಕು?" ಸಭೆ ಮುಗಿಯಿತು. ಈ ವರ್ಷದ ಟೂರ್ನಮೆಂಟಿನ ಉದ್ಘಾಟನೆಯ ದಿನದಿಂದ ಬೀಗ ಎಂದು ತೀರ್ಮಾನವಾಯಿತು.

ಮನೆಗೆ ನಡೆದು ಬರುವಾಗ ಕೋಪ ಬಂತು, ಮೊದಲು ನನ್ನ ಮೇಲೆ, ಆಮೇಲೆ ನಿಧಾನವಾಗಿ ಸರಿಯಾದ ಕಡೆಗೆ ತಿರುಗಿತು. ನನಗೆ ಖಾತ್ರಿ ಇಲ್ಲ, ನಿಜ. ಆದರೆ ಈರಣ್ಣನಿಗೆ ಯಾವ ಆಧಾರದ ಮೇಲೆ ಖಾತ್ರಿ ಇತ್ತು? ಅವನೂ ನನ್ನ ಬೆಂಚಿನವನೇ. ಅನುಮಾನಪಡುವವನು ಕೈ ಕಟ್ಟಿ ಕೂರಬೇಕು, ಖಾತ್ರಿ ಇರುವವನು ಕೀಲಿ ಇಟ್ಟುಕೊಳ್ಳಬೇಕು ಎಂದು ಯಾರು ಮಾಡಿದರು? ನನಗೆ ಗೊತ್ತಿಲ್ಲದ್ದು ಹಿಂದಿನದು. ಮುಂದಿನದರ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ: ಬೀಗ ಬಿದ್ದರೆ ಮಗ್ಗ ನಿಲ್ಲುತ್ತದೆ. ಅದಕ್ಕೆ ಧಾರವಾಡದವರೆಗೆ ಹೋಗಿ ಓದಬೇಕಾಗಿಲ್ಲ.

ತೀರ್ಮಾನ ಕೇಳಿದ ಕಾಕು ಗಂಜಿಗೆ ಹಿಟ್ಟು ಕಲಸುವುದನ್ನು ನಿಲ್ಲಿಸಲಿಲ್ಲ. "ಬೀಗ ಗೇಟಿಗೆ ಹಾಕತಾರ. ರಸ್ತೇಕ್ಕ ಹಾಕಂಗಿಲ್ಲಲ್ಲ?" ಎಂದಳು.

ಉದ್ಘಾಟನೆಯ ಬೆಳಿಗ್ಗೆ ಹಾಸನ್ನು ಗೋಡೆಯ ಹೊರಗೆ, ರಸ್ತೆಯ ಅಂಚಿಗೆ ಕಟ್ಟಿದೆವು. ಒಂದು ತುದಿ ಬೇವಿನ ಮರಕ್ಕೆ, ಇನ್ನೊಂದು ತುದಿ ಲೈಟಿನ ಕಂಬಕ್ಕೆ. ಗೇಟು ನಟ್ಟ ನಡುವೆ ಬಂತು. ಆಕೆ ಬೇಕೆಂದೇ ಹಾಗೆ ಅಳೆದಳೋ ಜಾಗವೇ ಹಾಗಿತ್ತೋ, ನಾನು ಕೇಳಲಿಲ್ಲ. ಟಿವಿ ಬಿಟ್ಟು ಸೊಸೆಯೂ ಬಂದಿದ್ದಳು, ಕಟ್ಟುವುದರಲ್ಲಿ ಅತ್ತೆಗಿಂತ ಚುರುಕಾಗಿದ್ದಳು. ನನ್ನ ಕೈಗೆ ಒಂದು ಕುಂಚ ಕೊಟ್ಟರು. ಸ್ವಲ್ಪ ಹೊತ್ತಿಗೆ ಅದನ್ನು ಕಸಿದುಕೊಂಡು ಗಂಜಿಯ ಬಕೆಟ್ಟು ಹಿಡಿಯಲು ಹೇಳಿದರು.

ಹೊರಗಿನವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಹಸಿ ಹಾಸನ್ನು ನಮ್ಮೂರಲ್ಲಿ ಯಾರೂ ದಾಟುವುದಿಲ್ಲ, ಯಾರೂ ಸರಿಸುವುದಿಲ್ಲ. ಮದುವೆಯ ದಿಬ್ಬಣ ಬಂದರೂ ನಿಲ್ಲುತ್ತದೆ, ಮದುಮಗ ಕುದುರೆಯ ಮೇಲೆ ಬೆವರುತ್ತ ಕಾಯುತ್ತಾನೆ. ತೀರಾ ಅವಸರವಿದ್ದವರು ಬಗ್ಗಿ ಕೆಳಗಿನಿಂದ ಹೋಗಬಹುದು. ಇನ್ನೊಂದು ರೂಢಿ, ಹಾದು ಹೋಗುವಾಗ ಕಡಿದ ಎಳೆ ಕಂಡರೆ, ಅದು ಯಾರ ಹಾಸೇ ಇರಲಿ, ನಿಂತು ಗಂಟು ಹಾಕಿ ಮುಂದೆ ಹೋಗಬೇಕು. ಯಾಕೆ ಎಂದರೆ ಕಾರಣ ಒಬ್ಬೊಬ್ಬರದು ಒಂದೊಂದು. ಕಾರಣ ಗೊತ್ತಿಲ್ಲದೆಯೂ ಎಲ್ಲರೂ ಪಾಲಿಸುತ್ತಾರೆ.

ತೇರದಾಳ ಮತ್ತು ಮಹಾಲಿಂಗಪುರದ ಆಟಗಾರರು ಬಂದು ನೋಡಿ, ಏನೂ ಕೇಳದೆ, ಕಿಟ್ ಬ್ಯಾಗುಗಳ ಮೇಲೆ ಕುಳಿತುಕೊಂಡರು. ಈರಣ್ಣ ಬೈಕಿನಿಂದ ಹಾರಿ ಇಳಿದ.

"ಏನ ಕಾಕು ಇದು? ಮುಖ್ಯ ಅತಿಥಿ ಜಮಖಂಡಿ ಬಿಟ್ಟಾರ."

"ಬರವಲ್ರ್ಯಾಕ. ನಾ ಬ್ಯಾಡಂದ್ನ್ಯಾ?"

"ಗೇಟಿಗೆ ಅಡ್ಡ ಹಾಸು ಕಟ್ಟೀದಿ."

"ಹಾಸಿಗೆ ಅಡ್ಡ ಗೇಟು ಕಟ್ಟಿದವರು ನೀವು."

"ಬಿಚ್ಚ ಬೇ ಲಗೂನ."

"ಗಂಜಿ ಹಸಿ ಐತಿ. ನಾ ಅಂತೂ ಬಿಚ್ಚೂದಿಲ್ಲ, ನೀನ ಬಿಚ್ಚು. ನಿಮ್ಮಪ್ಪ ಕುಣಿಮಗ್ಗದಾಗ ಕಾಲ ಇಳಿಬಿಟ್ಟ ಕುಂತು ನಿನ್ನ ಸಾಲಿ ಕಲಿಸಿದಾಂವ. ಅವನ ಮಗಾ ಹಸಿ ಹಾಸಿಗೆ ಹೆಂಗ ಕೈ ಹಚ್ಚತಾನೋ ನೋಡ್ತೇನಿ."

ಈರಣ್ಣ ನನ್ನ ಕಡೆ ತಿರುಗಿದ. "ನೀನೂ ಇದರಾಗ ಅದಿ?"

ಬೇರೆ ದಿನವಾಗಿದ್ದರೆ ಇರಬಹುದು ಎನ್ನುತ್ತಿದ್ದೆ. "ಅದೇನಿ," ಎಂದೆ. ಬಕೆಟ್ಟನ್ನು ಕೆಳಗಿಡಲೂ ಇಲ್ಲ.

ಅವನು ಬಿಚ್ಚಲು ಹೋದನೋ, ಬರೀ ಹೆದರಿಸಲು ಹೋದನೋ, ಹಾಸಿನ ಹತ್ತಿರ ಬಿರುಸಾಗಿ ನಡೆದ. ಬಾಯಿ ಇನ್ನೂ ಜೋರಾಗಿಯೇ ಇತ್ತು: ಪೊಲೀಸರನ್ನು ಕರೆಸುತ್ತೇನೆ, ನಗರಸಭೆಯವರಿಗೆ ಹೇಳುತ್ತೇನೆ, ಇತ್ಯಾದಿ. ನಡುವೆ ಒಂದು ಎಳೆ ಕಡಿದು ಜೋತಾಡುತ್ತಿತ್ತು. ಅವನು ಬೈಯುತ್ತಲೇ ಆ ಎಳೆಯ ಎರಡು ತುದಿ ಹಿಡಿದ, ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಂಡ, ತಿರುವಿದ, ಗಂಟು ಹಾಕಿದ, ಉಗುರಿನಿಂದ ಸವರಿ ಸಮ ಮಾಡಿದ. ತನ್ನ ಕೈ ಏನು ಮಾಡಿತು ಎಂಬುದು ಅವನಿಗೆ ತಿಳಿದದ್ದು ಸುತ್ತ ನಿಂತವರೆಲ್ಲ ತನ್ನ ಬೆರಳುಗಳನ್ನೇ ನೋಡುತ್ತಿರುವುದು ಕಂಡ ಮೇಲೆ. ಬೈಗುಳ ಅರ್ಧದಲ್ಲಿ ನಿಂತಿತು. ತಾನೇ ಗಂಟು ಹಾಕಿದ ಹಾಸನ್ನು ಬಿಚ್ಚಿಸುವುದು ನಮ್ಮೂರಿನವನಿಂದ ಆಗುವ ಕೆಲಸವಲ್ಲ.

"ಗಂಟು ಛಲೋ ಬಿದ್ದೈತಿ," ಎಂದಳು ಕಾಕು.

ಈರಣ್ಣ ಬಗ್ಗಿ ಹಾಸಿನ ಕೆಳಗಿನಿಂದ ಆ ಕಡೆ ಹೋಗಿ ಬೀಗ ತೆಗೆದ. ಗೇಟಿನ ಎರಡೂ ಬಾಗಿಲನ್ನು ಗೋಡೆಗೆ ತಾಗುವವರೆಗೆ ತಳ್ಳಿದ. "ಮುಂದಿನ ಹಾಸು ಒಳಗ ಕಟ್ಟು, ಬನಹಟ್ಟಿ ಬಾಜೂಕ," ಎಂದ, ನಮ್ಮ ಕಡೆ ನೋಡದೆ. "ಮ್ಯಾಚ್ ಶುರು ಆಗೂದ್ರೊಳಗ ಬಿಚ್ಚಬೇಕು ಮತ್ತ."

"ಬಿಸಲಿಗೆ ಹೇಳ ಅದನ್ನ. ನನ್ನ ಕೈಯಾಗೇನೈತಿ?"

ಮುಖ್ಯ ಅತಿಥಿಯ ಕಾರು ಬಂದಾಗ ಹಾಸು ಇನ್ನೂ ಅರ್ಧ ಹಸಿ. ಕಾರು ನಿಂತಿತು. ಈರಣ್ಣ ಓಡಿ ಹೋಗಿ ಕಿಟಕಿಯಲ್ಲಿ ಏನೋ ಹೇಳಿದ. ಅವರು ಇಳಿದು ಬಂದರು, ಹಾಸನ್ನು ನೋಡಿದರು, ಕಾಕುವನ್ನು ನೋಡಿದರು, ಪಂಚೆ ಎತ್ತಿಕಟ್ಟಿ ಬಗ್ಗಿದರು. ಅವರ ಹಿಂದೆ ಹಾರ ಹಿಡಿದವರು, ಮೈಕಿನವರು, ಎರಡು ತಂಡದವರು, ಎಲ್ಲರೂ ಸಾಲಾಗಿ ಬಗ್ಗಿ ಒಳಗೆ ಹೋದರು. ನಾನು ಕಂಡ ಉದ್ಘಾಟನೆಗಳಲ್ಲಿ ಇಷ್ಟು ಶಿಸ್ತು ಎಲ್ಲೂ ಇರಲಿಲ್ಲ.

ಇದು ನಡೆದು ಬಹಳ ದಿನವಾಗಿಲ್ಲ, ಆಗಲೇ ಊರಲ್ಲಿ ಬೇರೆ ಬೇರೆ ರೀತಿ ಹೇಳುತ್ತಿದ್ದಾರೆ. ಕಾಕು ಈರಣ್ಣನಿಗೆ ಕುಂಚದಿಂದ ಬಾರಿಸಿದಳು ಎನ್ನುವವರಿದ್ದಾರೆ. ಕಾರು ಮಧ್ಯಾಹ್ನದವರೆಗೆ ನಿಂತಿತ್ತು ಎನ್ನುವವರಿದ್ದಾರೆ. ಮುಖ್ಯ ಅತಿಥಿಯೇ ಗಂಟು ಹಾಕಿದರು ಎಂಬ ಮಾತು ಜಮಖಂಡಿಯ ಕಡೆ ಓಡಾಡುತ್ತಿದೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು ನನ್ನನ್ನು ತಡೆದು, "ಸರ, ನೀವು ಅಲ್ಲೇ ಇದ್ರಿ. ಖರೆ ಏನಾತ್ರಿ?" ಎನ್ನುತ್ತಾರೆ. ನಾನು ಹೇಳಿದ್ದನ್ನು ಕೇಳಿ ಅವರ ಮುಖದಲ್ಲಿ ಅನುಮಾನ ಮೂಡುವುದು ನನಗೆ ಕಾಣುತ್ತದೆ. ಮೂಡಲಿ. ನನ್ನ ಮಾತನ್ನು ನಂಬಬೇಡಿ ಎಂದು ನಾನೇ ಹೇಳುತ್ತೇನೆ. ಯಾವ ಹೊತ್ತಿಗಾದರೂ ಸರಿ, ಮೈದಾನದ ಕಡೆ ಹೋಗಿ ಗೇಟು ತಳ್ಳಿ ನೋಡಿ.